ಅಮ್ಮ ಹೇಳಿಕೊಟ್ಟ ನನ್ನ ಮಾತು

ಸಿನಿಮಾಗಳಲ್ಲಿ ನಮ್ಮಂಥವರು ಸಾಯುವುದನ್ನು ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು. ನಮ್ಮಂಥವರು ಅಂದರೆ ಗಂಡಸನ್ನು ಪ್ರೀತಿಸುವ ಗಂಡಸರು. ದೆಹಲಿಯ ಹೌಜ್ ಖಾಸ್‌ನಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ಪುಟ್ಟ ಹಾಲ್ ಇತ್ತು. ದೊಡ್ಡ ಥಿಯೇಟರುಗಳ ಮುಖವನ್ನೇ ಕಾಣದ, ಗೆಳೆಯರೆಲ್ಲ ಸೇರಿ ಹೇಗೋ ಮಾಡಿ ಮುಗಿಸಿದ ಸಿನಿಮಾಗಳನ್ನು ಶನಿವಾರ ಸಂಜೆ ಅಲ್ಲಿ ತೋರಿಸುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಬಿಗಿದ ಬಿಳಿ ಬಟ್ಟೆ, ನಡುವೆ ಕೆಳಗಿನ ಬೀದಿಯಿಂದ ಹಾರ್ನ್ ಸದ್ದು. ಆದರೆ ನಮ್ಮ ಕಥೆಗಳನ್ನು ಪರದೆಯ ಮೇಲೆ ನೋಡಲು ಇಡೀ ದೆಹಲಿಯಲ್ಲಿ ನಮಗೆ ಸಿಕ್ಕಿದ್ದ ಜಾಗ ಅದೊಂದೇ.

ಕಥೆಗಳೋ, ಒಂದೇ ಅಚ್ಚಿನವು. ಇಬ್ಬರು ಹುಡುಗರು ಒಂದು ಛಾವಣಿಯ ಮೇಲೆ ಕೂತು ಸಿಗರೇಟು ಸೇದುತ್ತಾರೆ. ಆಮೇಲೆ ಒಬ್ಬನಿಗೆ ಮದುವೆಯಾಗುತ್ತದೆ, ಇಲ್ಲವೇ ಒಬ್ಬ ಸಾಯುತ್ತಾನೆ. ಅದಕ್ಕೂ ಮೊದಲು ಮಗ ಅಮ್ಮನಿಗೆ ವಿಷಯ ಹೇಳುವ ದೃಶ್ಯ ಒಂದು ಇದ್ದೇ ಇರುತ್ತದೆ. ಅಮ್ಮ ಅಡುಗೆಮನೆಯ ಗೋಡೆಗೆ ಒರಗಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಾಳೆ. ಒಲೆಯ ಮೇಲೆ ಹಾಲು ಉಕ್ಕುತ್ತದೆ. ಇಷ್ಟೊಂದು ಹಾಲು ಉಕ್ಕಿಸುವ ದೇಶದಲ್ಲಿ ಒಬ್ಬಳಾದರೂ ಅಮ್ಮ ಎದ್ದು ಹೋಗಿ ಗ್ಯಾಸ್ ಆರಿಸಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು.

“ಎಂತ ಮಾರಾಯ ಇದು, ಇದರಲ್ಲಿಯೂ ಒಬ್ಬ ಸತ್ತ,” ಎನ್ನುತ್ತಿದ್ದ ನನ್ನವನು, ಮೆಟ್ಟಿಲಿಳಿಯುತ್ತ. ನನ್ನವನು ಮಂಗಳೂರಿನ ಕ್ರೈಸ್ತರ ಮನೆಯ ಹುಡುಗ. ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ. ನಾವಿಬ್ಬರೂ ವಸಂತ್ ಕುಂಜ್‌ನ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ ವರ್ಷಗಳಿಂದ ಸಂಸಾರ ಹೂಡಿಕೊಂಡಿದ್ದೆವು. ಅಲ್ಲಿ ನಾವು ಗಂಡ-ಗಂಡ. ಜನಕಪುರಿಯಲ್ಲಿದ್ದ ನಮ್ಮ ಅಪ್ಪ-ಅಮ್ಮನ ಮನೆಯಲ್ಲಿ ಮಾತ್ರ ಅವನು ನನ್ನ ರೂಮ್‌ಮೇಟ್.

ತಿಂಗಳಿಗೊಮ್ಮೆ ಭಾನುವಾರ ಅಮ್ಮ ಇಬ್ಬರನ್ನೂ ಊಟಕ್ಕೆ ಕರೆಯುತ್ತಿದ್ದಳು. ಊಟದ ಕೊನೆಗೆ ದೊಡ್ಡ ಸ್ಟೀಲ್ ಲೋಟದಲ್ಲಿ ಮಜ್ಜಿಗೆ. ನಮ್ಮಮ್ಮನ ಮಜ್ಜಿಗೆಗೆ ಇಂಗು ಧಾರಾಳವಾಗಿ ಬೀಳುತ್ತದೆ. ನನ್ನವನಿಗೆ ಇಂಗಿನ ವಾಸನೆ ಕಂಡರಾಗದು, ಬೇಡ ಎನ್ನಲು ಸಂಕೋಚ. ಹಾಗಾಗಿ ಲೋಟ ಹಿಡಿದುಕೊಂಡು, ಗಾಳಿಗೆ ನಿಲ್ಲುವವನ ಹಾಗೆ ಬಾಲ್ಕನಿಗೆ ಹೋಗಿ, ಅಲ್ಲಿದ್ದ ಕರಿಬೇವಿನ ಕುಂಡಕ್ಕೆ ಸುರಿದು ಬರುತ್ತಿದ್ದ. “ಮಜ್ಜಿಗೆ ಭಾರಿ ಲಾಯ್ಕ ಉಂಟು ಆಂಟಿ,” ಎಂದು ಬೇರೆ ಹೇಳುತ್ತಿದ್ದ. ಯಾರೂ ನೋಡಿಲ್ಲ ಎಂದು ನಾವಿಬ್ಬರೂ ನಂಬಿಕೊಂಡಿದ್ದೆವು.

ಒಂದು ಶನಿವಾರ ಸಿನಿಮಾ ಮುಗಿದ ಮೇಲೆ ಟೀ ಅಂಗಡಿಯ ಮುಂದೆ ನಿಂತಿದ್ದಾಗ ಅವನು ಹೇಳಿದ: “ಇನ್ನು ಮುಂದೆ ರೂಮ್‌ಮೇಟ್ ಅಂತ ಹೇಳಿಸಿಕೊಂಡು ನಾನು ನಿಮ್ಮ ಮನೆಗೆ ಬರುದಿಲ್ಲ.” ಜಗಳದ ದನಿಯಲ್ಲ, ಆಯಾಸದ ದನಿ. ಅವನ ಮನೆಯವರು ಒಮ್ಮೆ ಕೂಗಾಡಿ, ಒಮ್ಮೆ ಅತ್ತು, ಕೊನೆಗೆ ಒಪ್ಪಿಕೊಂಡಿದ್ದರು. ಅಲ್ಲಿಗೆ ಹೋದಾಗ ನನಗೆ ಮೀನು ತಿನ್ನಲು ಬರುವುದಿಲ್ಲ ಎಂದು ಅವನ ತಾಯಿ ಬೇರೆ ಸಾರು ಮಾಡುತ್ತಿದ್ದರು. ನನ್ನ ಮನೆಯಲ್ಲಿ ಮಾತ್ರ ಅವನು ಬಾಡಿಗೆ ಹಂಚಿಕೊಳ್ಳುವ ಯಾರೋ. ಮುಂದಿನ ಭಾನುವಾರ ನಾನೊಬ್ಬನೇ ಜನಕಪುರಿಗೆ ಹೋದೆ. ಅವನಿಗೆ ಮೈ ಹುಷಾರಿಲ್ಲ ಎಂದೆ. ಅದರ ಮುಂದಿನ ತಿಂಗಳೂ ಹುಷಾರಿಲ್ಲ ಎಂದೆ. “ಅಯ್ಯೋ, ಡಾಕ್ಟರಿಗೆ ತೋರಿಸ್ರೋ,” ಎಂದಳು ಅಮ್ಮ.

ಆ ಹೊತ್ತಿಗೆ ಹೌಜ್ ಖಾಸ್‌ನ ಹಾಲ್ ನಡೆಸುತ್ತಿದ್ದ ಪಂಜಾಬಿ ಗೆಳತಿ ತಾನೇ ಒಂದು ಕಿರುಚಿತ್ರ ಮಾಡಲು ಹೊರಟಿದ್ದಳು. ದೆಹಲಿಯ ಒಂದು ಕನ್ನಡ ಕುಟುಂಬ, ಮಗ, ಅವನ ಗೆಳೆಯ, ಅಮ್ಮ. ಬರೆಯುವ ಕೆಲಸ ನನಗೆ ಬಿತ್ತು. ನಾನು ಕಂಪನಿಗಳ ತರಬೇತಿ ವಿಡಿಯೊಗಳಿಗೆ ಮಾತು ಬರೆದು ಹೊಟ್ಟೆ ಹೊರೆಯುವವನು. ‘ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ’ ಎಂಬಂಥ ಮಾತು. ಪ್ರೀತಿಯ ಬಗ್ಗೆ ಬರೆ ಎಂದಾಗ ಕೆಲವು ದಿನ ಶೀರ್ಷಿಕೆಯನ್ನಷ್ಟೇ ತಿದ್ದುತ್ತ ಕೂತೆ. ಹೇಗೋ ಬರೆದೆ. ಅಮ್ಮನಿಗೆ ಹೇಳುವ ದೃಶ್ಯ ಬಂದಾಗ, ನಾಚಿಕೆಯಿಲ್ಲದೆ, ಗೋಡೆಗೆ ಒರಗಿ ಅಳುವ ಅಮ್ಮನನ್ನೇ ಬರೆದೆ. ಅಷ್ಟು ವರ್ಷ ಬೈದುಕೊಂಡು ನೋಡಿದ್ದು ಅದನ್ನೇ ಅಲ್ಲವೇ! ಹಾಲೊಂದನ್ನು ಉಕ್ಕಿಸಲಿಲ್ಲ.

ಅಮ್ಮನ ಪಾತ್ರಕ್ಕೆ ನಮ್ಮ ಕಡೆಯ ಕನ್ನಡ ಸಂಘದ ಒಬ್ಬ ಹಿರಿಯ ನಟಿ ಒಪ್ಪಿದ್ದರು. ಕಥೆ ಪೂರ್ತಿ ಓದಿದ ಮೇಲೆ, “ನಮ್ಮನೇವ್ರು ಬೇಡ ಅಂತಾರೆ,” ಎಂದು ಕೈಕೊಟ್ಟರು. ದೆಹಲಿಯಲ್ಲಿ ಕನ್ನಡ ಮಾತಾಡಬಲ್ಲ, ಕ್ಯಾಮೆರಾಗೆ ಹೆದರದ ಇನ್ನೊಬ್ಬ ಅಮ್ಮನನ್ನು ವಾರದೊಳಗೆ ಎಲ್ಲಿಂದ ತರುವುದು? ಗೆಳತಿ ನನ್ನ ಮುಖ ನೋಡಿದಳು. “ನಿಮ್ಮಮ್ಮ ನಾಟಕದವರಲ್ವಾ?” ಎಂದಳು ಹಿಂದಿಯಲ್ಲಿ.

ನಮ್ಮಮ್ಮ ನಾಟಕದವಳೇ, ಆದರೆ ನಟಿಯಲ್ಲ. ಸಂಘದ ನಾಟಕಗಳಿಗೆ ಅವಳು ಪ್ರಾಂಪ್ಟರ್, ಮಾತು ಮರೆತವರಿಗೆ ಮರೆಯಿಂದ ಹೇಳಿಕೊಡುವವಳು. ಸಂಘದವರೆಲ್ಲ ಕಚೇರಿ ನೌಕರರು. ಸಂಜೆ ಯಾರದೋ ಮನೆಯ ಹಾಲಿನಲ್ಲಿ ಸೋಫಾ ಸರಿಸಿ ತಾಲೀಮು ಮಾಡುವವರು. ಮಾತು ಯಾರಿಗೂ ಪೂರ್ತಿ ಬಾಯಿಪಾಠವಾಗುವುದಿಲ್ಲ. ರಾಜ್ಯೋತ್ಸವದ ದಿನ ವೇದಿಕೆಯ ಪಕ್ಕದ ಪರದೆಯ ಹಿಂದೆ ಅಮ್ಮ ಪುಸ್ತಕ ಹಿಡಿದು ಕೂತರೆ ಮಾತ್ರ ನಾಟಕ ಮುಂದೆ ಹೋಗುತ್ತಿತ್ತು. ಪಾತ್ರಧಾರಿ ತಡವರಿಸುವ ಗಳಿಗೆಯನ್ನು ಅವನಿಗಿಂತ ಮೊದಲೇ ಅವಳು ಹಿಡಿಯುತ್ತಿದ್ದಳು. ಮುಂದಿನ ಸಾಲಿನವರಿಗೂ ಕೇಳಿಸದ, ಅವನ ಕಿವಿಗೆ ಮಾತ್ರ ಮುಟ್ಟುವ ಒಂದು ದನಿ ಅವಳಿಗಿತ್ತು. ಎಷ್ಟೋ ರಾಜರು, ಎಷ್ಟೋ ವಿಲನ್‌ಗಳು ಆ ದನಿಯ ದಯೆಯಿಂದ ಚಪ್ಪಾಳೆ ಗಿಟ್ಟಿಸಿದ್ದಾರೆ.

ಕಥೆಯನ್ನು ಅವಳ ಕೈಗೆ ಕೊಟ್ಟು ನಾನು ಬಾಲ್ಕನಿಗೆ ಹೋಗಿ ನಿಂತೆ. ಕುಂಡದ ಕರಿಬೇವಿನ ಎಲೆ ಎಣಿಸತೊಡಗಿದೆ. ಕನ್ನಡಕ ಏರಿಸಿಕೊಂಡು ಅವಳು ಕೊನೆಯ ತನಕ ಓದಿದಳು.

“ಇದನ್ನ ಬರೆದದ್ದು ಯಾರೋ?”

“ನಾನೇ.”

“ಈ ಅಮ್ಮನ್ನ ಯಾರನ್ನ ನೋಡಿ ಬರೆದೆ?”

“ಯಾರನ್ನೂ ಇಲ್ಲಮ್ಮ. ಸುಮ್ನೆ.”

“ಕಾಣ್ತಾ ಇದೆ. ಇಷ್ಟೊಂದು ಅತ್ತರೆ ಇವಳ ಮನೇಲಿ ಅಡುಗೆ ಯಾರು ಮಾಡ್ತಾರೆ?” ಎಂದು ಹಾಳೆಗಳನ್ನು ಮಡಿಸಿಟ್ಟಳು. “ಇರ್ಲಿ, ಮಾಡ್ತೀನಿ. ಜೀವಮಾನವೆಲ್ಲ ಬೇರೆಯವರಿಗೆ ಹೇಳಿಕೊಟ್ಟಿದ್ದಾಯ್ತು.”

ಬೇರೆ ಮನೆ ಸಿಗದ್ದರಿಂದ ಚಿತ್ರೀಕರಣವೂ ನಮ್ಮ ಜನಕಪುರಿಯ ಮನೆಯಲ್ಲೇ. ಮೇ ತಿಂಗಳ ಭಾನುವಾರ. ಮಾತನ್ನು ಸ್ಥಳದಲ್ಲೇ ರೆಕಾರ್ಡ್ ಮಾಡುವುದರಿಂದ ಕೂಲರ್, ಫ್ಯಾನು, ಫ್ರಿಜ್ಜು ಎಲ್ಲ ಬಂದ್. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಫೈಲು ನೋಡಿ ನೋಡಿ ನಿವೃತ್ತರಾದ ನಮ್ಮಪ್ಪ, ಮನೆಯಲ್ಲಿ ಏನೋ ಸಿನಿಮಾವಂತೆ ಎಂದಷ್ಟೇ ತಿಳಿದವರು, ಬನಿಯನ್ ಹಾಕಿಕೊಂಡು ಪೇಪರ್ ಹಿಡಿದು ಒಳಕೋಣೆ ಸೇರಿದರು. ಕೆಮ್ಮಬಾರದು, ಪೇಪರ್ ಸದ್ದು ಮಾಡಬಾರದು ಎಂದು ಅವರಿಗೆ ತಾಕೀತಾಗಿತ್ತು. ಕೆಳಗೆ ತರಕಾರಿ ಭಯ್ಯಾ ಕೂಗಿದಾಗಲೆಲ್ಲ ಟೇಕ್ ಕೆಡುತ್ತಿತ್ತು. ಅಮ್ಮ ಬಾಲ್ಕನಿಯಿಂದ ಬಗ್ಗಿ, “ಭಯ್ಯಾ, ಥೋಡೀ ದೇರ್ ಚುಪ್!” ಎಂದಳು. ಅವನು ಗಾಡಿ ನಿಲ್ಲಿಸಿ ಮೇಲೆ ನೋಡುತ್ತ ನಿಂತುಬಿಟ್ಟ.

ಮಗನ ಪಾತ್ರ ಮಾಡಿದವನು ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ. ಅವನ ಮುಖದ ಮೇಲೆ ಕ್ಯಾಮೆರಾ ಇಟ್ಟು ಇಡೀ ದೃಶ್ಯ ಮೊದಲು ತೆಗೆದರು. ಆಗ ಅಮ್ಮ ಕ್ಯಾಮೆರಾದ ಪಕ್ಕ ಕೂತು ತನ್ನ ಮಾತು ಹೇಳಿದಳು. ಅದು ಮುಗಿಯುತ್ತಲೇ ಅವನಿಗೆ ಆಫೀಸಿನ ಶಿಫ್ಟ್ ಇತ್ತು, ಓಡಿದ. ಈಗ ಅಮ್ಮನ ಮುಖ ತೆಗೆಯಬೇಕು. ಅವಳಿಗೆದುರಾಗಿ ಕ್ಯಾಮೆರಾದ ಪಕ್ಕ ಕೂತು ಮಗನ ಮಾತು ಹೇಳುವವರು ಯಾರಾದರೂ ಬೇಕು. ಕೋಣೆಯಲ್ಲಿ ಕನ್ನಡ ಬಲ್ಲ ಇನ್ನೊಬ್ಬ ನಾನು ಮಾತ್ರ.

“ಚಲೋ, ನೀನೇ ಕೂತ್ಕೋ,” ಎಂದಳು ಗೆಳತಿ. ಸ್ಟೂಲ್ ಎಳೆದು ಕೂತೆ. ಅಮ್ಮ ತನ್ನ ಮಾಮೂಲಿ ಕುರ್ಚಿಯಲ್ಲಿ, ಮಡಿಲಲ್ಲಿ ಬಿಡಿಸಲೆಂದು ಬಟಾಣಿ ಬುಟ್ಟಿ. ಅವಳ ಮುಖಕ್ಕೂ ನನ್ನ ಮುಖಕ್ಕೂ ನಡುವೆ ಒಂದು ಮೊಳದ ಜಾಗ. ಮೇ ತಿಂಗಳಲ್ಲಿ ಬಟಾಣಿ ಎಲ್ಲಿಯದು ಎಂದು ಆಗ ಯಾರೂ ಕೇಳಲಿಲ್ಲ. ಫ್ರಿಜ್ಜಿನಲ್ಲಿಟ್ಟು ಸಿಪ್ಪೆ ಒಣಗಿದ್ದ ಬಟಾಣಿಯನ್ನು ಗೆಳತಿ ಎಲ್ಲಿಂದಲೋ ಹೊಂದಿಸಿ ತಂದಿದ್ದಳು.

ಆ್ಯಕ್ಷನ್ ಎಂದರು. ನಾನು ಬರೆದ ಮೊದಲ ಮಾತುಗಳು ಸಲೀಸಾಗಿ ಬಂದವು. “ಅಮ್ಮ, ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು.” ಅಮ್ಮ ಬಟಾಣಿ ಬಿಡಿಸುತ್ತಲೇ, “ಹೇಳು,” ಎಂದಳು. “ನಾನು ಮದುವೆ ಆಗಲ್ಲಮ್ಮ.” “ಯಾಕೋ?”

ಮುಂದಿನ ಮಾತು ನಾನೇ ಬರೆದದ್ದು. ಮೂರು ಪದ. ಬಾಯಿ ತೆರೆದೆ. ಬರಲಿಲ್ಲ. ಕ್ಯಾಮೆರಾ ಓಡುತ್ತಿತ್ತು. ಫ್ಯಾನಿಲ್ಲದ ಕೋಣೆಯಲ್ಲಿ ನನ್ನ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಅಮ್ಮ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಿದಳು. ಪಾತ್ರದ ಮಗನನ್ನಲ್ಲ, ನನ್ನನ್ನೇ ನೋಡಿದಳು. ಆಮೇಲೆ ತುಟಿ ಅಲುಗಿಸಿಯೂ ಅಲುಗಿಸದ ಹಾಗೆ, ಪರದೆಯ ಹಿಂದಿನ ಅದೇ ದನಿಯಲ್ಲಿ ನನ್ನ ಮಾತನ್ನು ನನಗೆ ಹೇಳಿಕೊಟ್ಟಳು:

“ನಾನು ಅವನನ್ನ ಪ್ರೀತಿಸ್ತೀನಿ.”

“ನಾನು ಅವನನ್ನ ಪ್ರೀತಿಸ್ತೀನಿ,” ಎಂದೆ. ಪ್ರಾಂಪ್ಟ್ ಕೇಳಿದ ಪಾತ್ರಧಾರಿ ಹೇಗೆ ಹೇಳುತ್ತಾನೋ ಹಾಗೆ, ಗಟ್ಟಿಯಾಗಿ, ಒಂದೇ ಉಸಿರಿಗೆ. ಹೇಳಿದ ಮೇಲೆಯೇ ಅದು ಯಾರ ಮಾತೆಂದು ನನಗೆ ಅರ್ಥವಾಯಿತು.

ಇಲ್ಲಿ ಅವಳು ಅಳಬೇಕಿತ್ತು. ಬುಟ್ಟಿ ಕೆಳಗೆ ಬೀಳಬೇಕಿತ್ತು. ಬಟಾಣಿ ನೆಲದ ಮೇಲೆಲ್ಲ ಉರುಳುವುದನ್ನು ತೆಗೆಯಲು ಕ್ಯಾಮೆರಾದವನು ಕಾದು ಕೂತಿದ್ದ. ಅಮ್ಮ ಇನ್ನೊಂದು ಬಟಾಣಿ ಎತ್ತಿಕೊಂಡಳು. ಅದನ್ನು ಬಿಡಿಸಿ, ಕಾಳು ಬುಟ್ಟಿಗೆ ಹಾಕಿ, ಕೇಳಿದಳು:

“ಕರಿಬೇವಿನ ಕುಂಡಕ್ಕೆ ಮಜ್ಜಿಗೆ ಸುರೀತಾನಲ್ಲ, ಅವನೇ ತಾನೇ?”

ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. “ಹೂಂ,” ಎಂದೆ. “ಇಂಗು ಆಗಲ್ಲ ಅಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ಅವನಿಗೆ? ಬರೋಕೆ ಹೇಳು. ಎರಡು ತಿಂಗಳಾಯ್ತು, ಗಿಡ ಸೊರಗಿದೆ,” ಎಂದಳು. ಕಟ್ ಎಂದರು. ಗೆಳತಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ. ಆದರೂ ಕಣ್ಣೊರೆಸಿಕೊಳ್ಳುತ್ತಿದ್ದಳು. “ಆಂಟೀಜೀ, ಕ್ಯಾ ಬೋಲಾ ಆಪ್‌ನೇ?” ಎಂದಳು. “ಸ್ಕ್ರಿಪ್ಟಲ್ಲಿ ಇಲ್ಲದ್ದು,” ಎಂದಳು ಅಮ್ಮ ಕನ್ನಡದಲ್ಲೇ, ಎದ್ದು ಅಡುಗೆಮನೆಗೆ ಹೋದಳು.

ನಾನು ಹಿಂದೆಯೇ ಹೋದೆ. ಅವಳು ಎಲ್ಲರಿಗೂ ನಿಂಬೆ ಪಾನಕ ಮಾಡುತ್ತಿದ್ದಳು. ಯಾವಾಗಿನಿಂದ ಗೊತ್ತು ಎಂದು ಕೇಳಿದೆ.

“ಪ್ರಾಂಪ್ಟ್ ಮಾಡೋರಿಗೆ ಎಲ್ಲರ ಮಾತೂ ಗೊತ್ತಿರತ್ತೆ ಕಣೋ. ಪಾತ್ರಧಾರಿ ತಡವರಿಸೋ ತನಕ ಬಾಯಿ ಬಿಡಬಾರದು, ಅಷ್ಟೇ. ನೀನು ಬಾಯೇ ತೆಗೀಲಿಲ್ಲ.” ಸಕ್ಕರೆ ಕದಡುವ ಚಮಚ ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು. “ನಾನು ಅಳ್ತೀನಿ ಅಂತ ಬರೆದ್ಯಲ್ಲೋ. ಅದೇ ನಂಗೆ ಬೇಜಾರು.”

“ಅಪ್ಪನಿಗೆ?”

“ಅವರನ್ನ ನೀನೇ ಕೇಳು. ನಾನು ಎಲ್ಲರಿಗೂ ಹೇಳಿಕೊಡೋಕಾಗಲ್ಲ.”

ಒಳಕೋಣೆಯ ಬಾಗಿಲು ತೆಗೆದೆ. ಅಪ್ಪ ಬೆವರಿನಲ್ಲಿ ತೊಯ್ದು, ಪೇಪರಿನ ಅದೇ ಪುಟ ಹಿಡಿದು ಕೂತಿದ್ದರು. ನಡುವಿನ ಗೋಡೆ ಎಷ್ಟು ತೆಳುವೆಂದರೆ ಆಚೆ ಸೀನಿದರೂ ಈಚೆ ಕೇಳುತ್ತದೆ. ಅವರು ನನ್ನನ್ನು ಒಮ್ಮೆ ನೋಡಿ, “ಈಗ ಫ್ಯಾನ್ ಹಾಕಬಹುದಾ?” ಎಂದರು. ಹಾಕಿದೆ. ಅವರು ಪೇಪರಿನ ಪುಟ ತಿರುಗಿಸಿದರು.

ಮುಂದಿನ ಭಾನುವಾರ ನನ್ನವನು ಜನಕಪುರಿಗೆ ಬಂದ. ಹಬ್ಬಕ್ಕೆ ಇಟ್ಟುಕೊಂಡಿದ್ದ ಅಂಗಿ ಹಾಕಿಕೊಂಡು, ಕ್ಷೌರ ಮಾಡಿಸಿಕೊಂಡು, ಪರೀಕ್ಷೆಗೆ ಬಂದವನ ಹಾಗೆ ಬಂದ. ಅಮ್ಮ ಅವನ ಮುಂದೆ ಎರಡು ಲೋಟ ಇಟ್ಟಳು. “ಇದು ಇಂಗಿಲ್ಲದ್ದು, ನಿಂಗೆ. ಇದು ಗಿಡಕ್ಕೆ. ಹೋಗಿ ಹಾಕಿ ಬಾ.” ಅವನು ಕಿವಿಯ ತನಕ ಕೆಂಪಾದ. ಬಾಲ್ಕನಿಯಲ್ಲಿ ಕುಂಡದ ಮುಂದೆ ಕೂತು ಅವನು ಅತ್ತದ್ದನ್ನು ನಾನು ಮಾತ್ರ ನೋಡಿದೆ. ನನಗೆ ಅಂದು ಆದ ಖುಷಿಯನ್ನು ಹೇಳಿಕೊಳ್ಳಲು ಯಾವ ಸಂಕೋಚವೂ ಇಲ್ಲ. ಮೆಟ್ರೊದಲ್ಲಿ ವಾಪಸಾಗುವಾಗ ಇಡೀ ದಾರಿ ಹಲ್ಲು ಕಿಸಿದುಕೊಂಡೇ ಕೂತಿದ್ದೆ.

ಆದರೆ ಅಪ್ಪ ಅಪ್ಪನೇ. ಅವನು ಬಂದಾಗಲೆಲ್ಲ, “ಗುರುಗ್ರಾಮದ ಟ್ರಾಫಿಕ್ ಹೇಗಿದೆ?” ಎಂದು ಕೇಳುತ್ತಿದ್ದರು. ಮೊದಲೂ ಅದನ್ನೇ ಕೇಳುತ್ತಿದ್ದರು. ಅದರಾಚೆಗೆ ಒಂದು ಮಾತಿಲ್ಲ. ಸಿಟ್ಟೂ ಇಲ್ಲ, ಪ್ರೀತಿಯೂ ಕಾಣುವುದಿಲ್ಲ. ಅವರಿಗೆ ಕೇಳಿಸಿತ್ತೋ, ಕೇಳಿಸಿಯೂ ಫೈಲು ಮುಚ್ಚಿಟ್ಟಿದ್ದರೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಕೇಳುವ ಧೈರ್ಯವಾಗಲಿಲ್ಲ.

ಚಿತ್ರವನ್ನು ಮೊದಲು ಹೌಜ್ ಖಾಸ್‌ನ ಹಾಲಿನಲ್ಲಿ, ಕೆಳಗೆ ಇಂಗ್ಲಿಷ್ ಸಾಲು ಹಾಕಿ ತೋರಿಸಿದೆವು. ಅಮ್ಮನ ಆ ಟೇಕನ್ನೇ ಗೆಳತಿ ಉಳಿಸಿಕೊಂಡಿದ್ದಳು. ಕರಿಬೇವಿನ ಮಾತಿಗೆ ಇಡೀ ಹಾಲ್ ನಕ್ಕು, ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಯಾರೂ ಸಾಯದ ಸಿನಿಮಾ ಎಂದು ಒಬ್ಬಳು ಹುಡುಗಿ ನನ್ನ ಕೈ ಹಿಡಿದು ಕುಲುಕಿದಳು. ಅಮ್ಮನಿಗೆ ಅಷ್ಟು ಸಾಲಲಿಲ್ಲ. ಅವಳಿಗೆ ತನ್ನ ಸಂಘದಲ್ಲಿ ತೋರಿಸಬೇಕು, ರಾಜ್ಯೋತ್ಸವದ ದಿನ. ಸಮಿತಿಯವರು ಇದು ಕುಟುಂಬ ಸಮೇತ ನೋಡುವ ಕಾರ್ಯಕ್ರಮ ಎಂದು ಗೊಣಗಿದರಂತೆ. “ಇದೂ ಕುಟುಂಬದ್ದೇ ಸಿನಿಮಾ. ಬೇಡ ಅಂದ್ರೆ ಈ ಸಲದ ನಾಟಕಕ್ಕೆ ಪ್ರಾಂಪ್ಟ್ ನೀವೇ ಮಾಡ್ಕೊಳಿ,” ಎಂದು ಬಂದಳು. ಆ ವರ್ಷದ ನಾಟಕದಲ್ಲಿ ಕಾರ್ಯದರ್ಶಿಗಳೇ ನಾಯಕ. ಅವರಿಗೆ ಮಾತು ನೆನಪಿರುವುದಿಲ್ಲ ಎಂಬುದು ಊರಿಗೇ ಗೊತ್ತು. ಸಂಜೆಯೊಳಗೆ ಒಪ್ಪಿಗೆ ಬಂತು.

ನವೆಂಬರ್ ಕೊನೆಯಲ್ಲಿ ನಡೆದ ಆ ಕಾರ್ಯಕ್ರಮಕ್ಕೆ ಸಂಘದ ಹಾಲಿನಲ್ಲಿ ಸ್ವೆಟರ್, ಮಫ್ಲರ್ ಸುತ್ತಿಕೊಂಡ ದೆಹಲಿಯ ನಮ್ಮ ಜನವೆಲ್ಲ ಸೇರಿದ್ದರು. ಪಾತ್ರ ಒಲ್ಲೆ ಎಂದಿದ್ದ ಹಿರಿಯ ನಟಿ ಮೊದಲ ಸಾಲಿನಲ್ಲೇ ಕೂತಿದ್ದರು. ನಡುವೆ ಒಂದಿಬ್ಬರು ಎದ್ದು ಹೋದರು. ನಾನು ಅವರ ಬೆನ್ನನ್ನು ನೋಡುತ್ತ ಕುದಿಯುತ್ತಿದ್ದೆ. ಪರದೆಯ ಮೇಲೆ ಅಮ್ಮ ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ನೋಡಿದಾಗ ನನ್ನ ಮುಂದಿನ ಸಾಲಿನವರು ಮುಂದಕ್ಕೆ ಬಾಗಿದರು. ಮಜ್ಜಿಗೆಯ ಮಾತಿಗೆ ಮೊದಲು ನಕ್ಕದ್ದು ಹೆಂಗಸರು. ಆಮೇಲೆ ಎಲ್ಲರೂ ನಕ್ಕರು. ದೀಪ ಹತ್ತಿದಾಗ ಆ ಹಿರಿಯ ನಟಿ ಅಮ್ಮನ ಕೈ ಹಿಡಿದು, “ನಾನು ದಡ್ಡಿ ಕಣ್ರೀ,” ಎಂದರು.

ನಮ್ಮ ಸಂಘದಲ್ಲಿ ಒಂದು ಪದ್ಧತಿ ಇದೆ. ಕಾರ್ಯಕ್ರಮ ಮುಗಿದ ಮೇಲೆ ಕಲಾವಿದರನ್ನು ಮನೆಯವರ ಜೊತೆಗೇ ವೇದಿಕೆಗೆ ಕರೆದು, ಅವರ ಬಾಯಿಂದಲೇ ಮನೆಯವರನ್ನೆಲ್ಲ ಮೈಕಿನಲ್ಲಿ ಪರಿಚಯ ಮಾಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಅಮ್ಮ, ಅಪ್ಪ, ನಾನು ಮೆಟ್ಟಿಲು ಹತ್ತಿದೆವು. ಅಮ್ಮ ತಿರುಗಿ ನಿಂತು, ಹಿಂದಿನ ಸಾಲಿನಲ್ಲಿ ಗೋಡೆಗೆ ಅಂಟಿ ಕೂತಿದ್ದ ನನ್ನವನಿಗೆ ಕೈ ಬೀಸಿ, “ಬಾರೋ, ನಿಂಗೆ ಬೇರೆ ಇನ್ವಿಟೇಷನ್ ಕಾರ್ಡ್ ಕೊಡಬೇಕಾ?” ಎಂದಳು. ಅವನು ಬಂದು ನನ್ನ ಪಕ್ಕ ನಿಂತ. ಎಲ್ಲರ ಕಣ್ಣೂ ನಮ್ಮ ಮೇಲೆ.

ಕಾರ್ಯದರ್ಶಿಗಳು ಮೈಕನ್ನು ನನ್ನ ಬಾಯಿಗೆ ಹಿಡಿದು, “ಮನೆಯವರನ್ನ ಪರಿಚಯ ಮಾಡಿಕೊಡಿ,” ಎಂದರು. ಅಮ್ಮನನ್ನು ಹೇಳಿದೆ. ಅಪ್ಪನನ್ನು ಹೇಳಿದೆ. “ಇವರು...” ಎಂದೆ. ನಿಂತಿತು. ಅಂದು ಸ್ಟೂಲಿನ ಮೇಲೆ ಕೂತಾಗ ನಿಂತ ಹಾಗೆಯೇ. ಅಮ್ಮನ ಕಡೆ ನೋಡಿದೆ. ಅವಳ ತುಟಿ ಅಲುಗಲಿಲ್ಲ. ಬೇಕೆಂದೇ ಸುಮ್ಮನಿದ್ದಾಳೆ ಎಂದು ಗೊತ್ತಾಯಿತು.

ಆಗ ನನ್ನ ಇನ್ನೊಂದು ಪಕ್ಕದಿಂದ ಅಪ್ಪನ ದನಿ ಬಂತು.

“ನನ್ನ ಸಂಗಾತಿ ಅನ್ನೋ! ಎಷ್ಟು ಹೊತ್ತು ನಿಲ್ಲಿಸ್ತೀಯ ಆ ಹುಡುಗನ್ನ?”

ಮೈಕು ಅದನ್ನು ಪೂರ್ತಿ ಹಿಡಿಯಿತು. ಬಾಗಿಲ ಬಳಿ ಕಾಫಿ ಹಂಚುತ್ತಿದ್ದವರೂ ತಿರುಗಿ ನೋಡಿದರು. “ಇವರು ನನ್ನ ಸಂಗಾತಿ,” ಎಂದೆ ನಾನು. ಗಟ್ಟಿಯಾಗಿಯೇ ಎಂದೆ. ಎಲ್ಲಿಂದಲೋ ಒಂದು ಚಪ್ಪಾಳೆ ಶುರುವಾಗಿ ಮುಂದಕ್ಕೆ ಹರಿದು ಬಂತು. ಶಾಲು ಹೊದಿಸುವವರಿಗೆ ಏನು ಮಾಡುವುದೆಂದು ತೋಚದೆ, ನಮ್ಮಿಬ್ಬರ ಹೆಗಲಿಗೂ ಸೇರಿಸಿ ಒಂದೇ ಶಾಲು ಹೊದಿಸಿಬಿಟ್ಟರು. ಹೊಸದಾಗಿ ಮದುವೆಯಾದವರಿಗೆ ಅವರು ಮಾಡುವುದು ಹಾಗೆಯೇ.

ವೇದಿಕೆ ಇಳಿಯುವಾಗ ಅಮ್ಮ ಅಪ್ಪನನ್ನು ಗದರುತ್ತಿದ್ದಳು. “ಪ್ರಾಂಪ್ಟ್ ಮಾಡೋದು ಹೀಗಾ? ಮೆಲ್ಲಗೆ ಹೇಳ್ಬೇಕು ಅಂತ ಇಷ್ಟು ವರ್ಷ ನೋಡಿ ಗೊತ್ತಾಗ್ಲಿಲ್ವಾ ನಿಮಗೆ? ಕೊನೇ ಸಾಲಿನವರಿಗೂ ಕೇಳಿಸ್ತು.”

ಅಪ್ಪ ಹಣ್ಣಿನ ಬುಟ್ಟಿಯನ್ನು ನನ್ನವನ ಕೈಗೆ ಕೊಟ್ಟು, ಮಫ್ಲರ್ ಸರಿಮಾಡಿಕೊಂಡರು.

“ಕೇಳಿಸ್ಲಿ ಅಂತಾನೇ ಹೇಳಿದ್ದು,” ಎಂದರು.